ಬಣ್ಣದ ವೇಷದ ಮುಖ ಮಾತ್ರ ಶಾರ್ಪ್ ಆಗಬೇಕು, ಹಿಂದಿನ ಕತ್ತಲು ಹಾಗೇ ಇರಬೇಕು. ಹೇಗೆ?

ಕರಾವಳಿ ಬೆಳಕು, ಪುತ್ತೂರು:

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮೂರ ಹತ್ತಿರ ದೇವೀಮಹಾತ್ಮೆ ಯಕ್ಷಗಾನ ಬಯಲಾಟ ಇತ್ತು. ಬಣ್ಣದ ವೇಷ ಎಂದರೆ ಅದರಲ್ಲಿ ಮುಖಕ್ಕೆ ದಟ್ಟ ಬಣ್ಣ ಬಳಿದು ಬರುವ ರಾಕ್ಷಸ ಪಾತ್ರ. ದೀವಟಿಗೆ ಹಿಡಿದವರ ಜೊತೆ ಜನರ ನಡುವಿನಿಂದಲೇ ಬಂದ ಮಹಿಷಾಸುರ ರಂಗಸ್ಥಳ ಏರಿ ಒಮ್ಮೆ ಎಡಕ್ಕೆ ತಿರುಗಿ ನಿಂತಾಗ ತೆಗೆದ ಫೋಟೋ ಒಂದು ಚೆನ್ನಾಗಿ ಸಿಕ್ಕಿದೆ. ಮುಖದ ಮೇಲೆ ಚುಟ್ಟಿಯ (ಹಿಟ್ಟಿನಿಂದ ಮುಳ್ಳುಮುಳ್ಳಾಗಿ ಎಬ್ಬಿಸಿದ ಬಿಳಿ ಸಾಲು) ಒಂದೊಂದು ಮುಳ್ಳೂ ಕಾಣುತ್ತದೆ. ತಲೆಯ ಮೇಲೆ ಎರಡು ಕೋಡು, ಹಿಂದೆ ರಾಳದ ಹೊಗೆ, ಅದರಾಚೆ ಕತ್ತಲಲ್ಲಿ ಮಂಕಾಗಿ ಚೆಂಡೆಯವರು. ವೇಷ ಮಾಡಿದ ಹಿರಿಯರಿಗೆ 12×18 ಇಂಚಿನ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿ ಕೊಡಬೇಕೆಂದು ಆಸೆ.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದ್ದು, 85 ಎಂಎಂ ಲೆನ್ಸ್, ಎಫ್ 2, ಶಟರ್ 1/250, ಐಎಸ್ಒ 6400. ರಾ ಫೈಲ್ ಇದೆ. ಡಾರ್ಕ್‌ಟೇಬಲ್‌ನಲ್ಲಿ ಬಣ್ಣ ಸರಿಮಾಡಿ ಜಿಂಪ್‌ಗೆ ತರುತ್ತೇನೆ, ಫೋಟೋ ತಿದ್ದುವ ಈ ಎರಡೂ ಸಾಫ್ಟ್‌ವೇರ್ ಉಚಿತ ಅಂತ. ಜಿಂಪ್‌ನಲ್ಲಿ ಶಾರ್ಪನ್ ಕೊಟ್ಟರೆ ಚುಟ್ಟಿ ಬಹಳ ಚಂದ ಎದ್ದು ಬರುತ್ತದೆ. ಆದರೆ ಹಿಂದಿನ ಕತ್ತಲಿಗೆ ಮರಳು ಎರಚಿದ ಹಾಗಾಗುತ್ತದೆ, ಹೊಗೆಯೂ ಹುಡಿಹುಡಿಯಾಗುತ್ತದೆ, ಕೋಡಿನ ಅಂಚಿಗೆ ಒಂದು ಬಿಳಿ ಗೆರೆ ಬಂದು ಕೂರುತ್ತದೆ. ಕಡಿಮೆ ಮಾಡಿದರೆ ಚುಟ್ಟಿ ಮಂಕಾಗುತ್ತದೆ. ಮುಖಕ್ಕೆ ಬೇಕಾದಷ್ಟು ಕೊಟ್ಟು ಉಳಿದದ್ದನ್ನು ಮುಟ್ಟದೆ ಬಿಡಲು ದಾರಿ ಇದೆಯಾ? ಲಾಸೋದಲ್ಲಿ ಮುಖ ಸೆಲೆಕ್ಟ್ ಮಾಡಿ ಕೊಟ್ಟು ನೋಡಿದೆ, ಸೆಲೆಕ್ಷನ್ ಮುಗಿಯುವಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಕಾಜಾಣ, ಶಿವಮೊಗ್ಗ:

ನಾನು ಹಕ್ಕಿ ಫೋಟೋದವನು, ಲೈಟ್‌ರೂಮ್ ಬಳಸುವುದು. ಅದರ ಡೀಟೇಲ್ ಪ್ಯಾನೆಲ್‌ನಲ್ಲಿ ಶಾರ್ಪನಿಂಗ್ ಕೆಳಗೆ ಮಾಸ್ಕಿಂಗ್ ಎಂಬ ಸ್ಲೈಡರ್ ಇದೆ. ಆಲ್ಟ್ ಕೀ ಒತ್ತಿ ಹಿಡಿದು ಅದನ್ನು ಎಳೆದರೆ ಚಿತ್ರ ಕಪ್ಪು ಬಿಳುಪಾಗಿ ಕಾಣುತ್ತದೆ. ಬಿಳಿ ಇದ್ದಲ್ಲಿ ಮಾತ್ರ ಶಾರ್ಪ್ ಆಗುತ್ತದೆ, ಕಪ್ಪಾದ ಜಾಗ ಹಾಗೇ ಉಳಿಯುತ್ತದೆ. ರಂಗನತಿಟ್ಟಿನ ನೀರಿನ ಹಿನ್ನೆಲೆಗೆ ನನಗೆ ಅಷ್ಟೇ ಸಾಕಾಗುತ್ತದೆ: ರೆಕ್ಕೆಯ ಅಂಚು ಬೆಳ್ಳಗೆ, ನೀರು ಪೂರ್ತಿ ಕಪ್ಪಗೆ. ಜಿಂಪ್‌ನಲ್ಲಿ ಇದಕ್ಕೆ ಸಮನಾದದ್ದು ಏನೆಂದು ಬಲ್ಲವರು ಹೇಳಲಿ.

ಪ್ರಿಂಟ್ ಮನೆ, ಉಡುಪಿ:

ಪುತ್ತೂರಿನವರೇ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು ಮಾರಾಯ್ರೇ. ಆಟದ ಫೋಟೋ ತೆಗೆಯುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅದನ್ನು ಕಾಗದಕ್ಕೆ ಇಳಿಸಿ ವೇಷಧಾರಿಯ ಕೈಗೆ ಕೊಡುವವರು ಕಡಿಮೆ. ಫಿಲ್ಮಿನ ಕಾಲದಿಂದ ಲ್ಯಾಬ್ ಕೆಲಸದಲ್ಲೇ ಇರುವವನು ನಾನು, ಈಗಲೂ ದಿನವಿಡೀ ನೋಡುವುದು ಪ್ರಿಂಟುಗಳನ್ನೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಶಾರ್ಪನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ತಿಳಿದರೆ ಉಳಿದದ್ದು ಸುಲಭ. ಸಾಫ್ಟ್‌ವೇರ್ ನಿಮ್ಮ ಚಿತ್ರದ ಒಂದು ಮಸುಕು ಪ್ರತಿ ಮಾಡಿಕೊಳ್ಳುತ್ತದೆ. ಮೂಲಕ್ಕೂ ಆ ಪ್ರತಿಗೂ ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅದನ್ನು ಮೂಲಕ್ಕೆ ಇನ್ನಷ್ಟು ಸೇರಿಸುತ್ತದೆ. ಅಂಚಿನ ಬೆಳಕಿನ ಬದಿ ಇನ್ನೂ ಬೆಳ್ಳಗೆ, ಕತ್ತಲಿನ ಬದಿ ಇನ್ನೂ ಕಪ್ಪಗೆ. ಕಣ್ಣಿಗೆ ಅದೇ ಹರಿತವಾಗಿ ಕಾಣುವುದು. ಡಾರ್ಕ್‌ರೂಮಿನಲ್ಲೂ ಇದನ್ನೇ ಮಾಡುತ್ತಿದ್ದರು: ನೆಗೆಟಿವ್‌ನಿಂದ ತೆಳುವಾದ, ಸ್ವಲ್ಪ ಮಸುಕಾದ ಪಾಸಿಟಿವ್ ಒಂದನ್ನು ಬೇರೆ ಫಿಲ್ಮಿನಲ್ಲಿ ತೆಗೆದು, ಎರಡನ್ನೂ ಒಂದರ ಮೇಲೊಂದು ಕೂರಿಸಿ ಪ್ರಿಂಟ್ ಹಾಕುವುದು. ಈಗಿನ ಅನ್‌ಶಾರ್ಪ್ ಮಾಸ್ಕ್ ಅದೇ ಕೆಲಸವನ್ನು ಲೆಕ್ಕದಲ್ಲಿ ಮಾಡುತ್ತದೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಅಂಚು ಯಾವುದು, ಐಎಸ್ಒ 6400ರ ಕಾಳು (ಮರಳಿನಂಥ ನಾಯ್ಸ್) ಯಾವುದು ಎಂಬುದು ಆ ಲೆಕ್ಕಕ್ಕೆ ಗೊತ್ತಿಲ್ಲ. ಚುಟ್ಟಿಯ ಮುಳ್ಳೂ ಅಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸವೇ, ಕತ್ತಲಿನ ಕಾಳೂ ವ್ಯತ್ಯಾಸವೇ. ಎರಡನ್ನೂ ಅದು ಒಂದೇ ಸಮ ಎತ್ತಿ ಹಿಡಿಯುತ್ತದೆ. ಥ್ರೆಶೋಲ್ಡ್ ಎಂಬ ಮೂರನೇ ಸ್ಲೈಡರ್ ಇರುವುದು ಸಣ್ಣ ವ್ಯತ್ಯಾಸಗಳನ್ನು ಬಿಟ್ಟುಬಿಡಲಿಕ್ಕೆ, ಆದರೆ 6400ರಲ್ಲಿ ಕಾಳು ಹೋಗುವಷ್ಟು ಏರಿಸಿದರೆ ಕೆನ್ನೆಯ ಬಣ್ಣದ ನಯವಾದ ಗೆರೆಗಳೂ ತಪ್ಪಿಹೋಗುತ್ತವೆ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೀವೇ ಕೈಯಾರೆ ತೋರಿಸಬೇಕು. ಅದಕ್ಕಿರುವುದು ಲೇಯರ್ ಮಾಸ್ಕ್: ಲೇಯರ್ ಎಂದರೆ ಚಿತ್ರದ ಮೇಲೆ ಕೂರಿಸುವ ಇನ್ನೊಂದು ಪದರ, ಆ ಪದರ ಎಲ್ಲಿ ಕಾಣಬೇಕು, ಎಲ್ಲಿ ಮರೆಯಾಗಬೇಕು ಎಂದು ಬಿಳಿ ಕಪ್ಪಿನಲ್ಲಿ ತೋರಿಸುವುದು ಮಾಸ್ಕ್.

ಜಿಂಪ್‌ಗೆ ಬರುವ ಮೊದಲು ಡಾರ್ಕ್‌ಟೇಬಲ್‌ನಲ್ಲೇ ಡಿನಾಯ್ಸ್ ಪ್ರೊಫೈಲ್ಡ್ ಎಂಬ ಮಾಡ್ಯೂಲ್ ಹಾಕಿ ಕಾಳು ಇಳಿಸಿಕೊಳ್ಳಿ. ಪೂರ್ತಿ ಒರೆಸಬೇಡಿ, ಮುಖ ಮೇಣದ ಗೊಂಬೆಯಾಗುತ್ತದೆ. ಅಲ್ಲಿನ ಶಾರ್ಪನ್ ಮಾಡ್ಯೂಲ್ ಆಫ್ ಇರಲಿ. 16 ಬಿಟ್ ಟಿಫ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಜಿಂಪ್ 2.10ರಿಂದ ಈಚೆಗೆ 16 ಬಿಟ್ ಫೈಲು ಸರಿಯಾಗಿ ನಡೆಯುತ್ತದೆ.

ಜಿಂಪ್‌ನಲ್ಲಿ ಫೈಲು ತೆರೆದು ಲೇಯರ್ ಡೂಪ್ಲಿಕೇಟ್ ಮಾಡಿ. ಮೇಲಿನ ಲೇಯರ್ ಆರಿಸಿ ಫಿಲ್ಟರ್ಸ್, ಎನ್‌ಹಾನ್ಸ್, ಶಾರ್ಪನ್ ಅನ್‌ಶಾರ್ಪ್ ಮಾಸ್ಕ್. ಕೀಬೋರ್ಡಿನ 1 ಒತ್ತಿ 100 ಪರ್ಸೆಂಟ್‌ಗೆ ಬನ್ನಿ, ಪರದೆಯಲ್ಲಿ ಮುಖ ಮಾತ್ರ ಇರಲಿ, ಕತ್ತಲಿನ ಕಡೆ ನೋಡಲೇಬೇಡಿ. ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ ಶಾರ್ಪ್ ಹರಡಬೇಕು ಎಂಬ ಅಳತೆ) 3.0 ಎಂದು ಇರುತ್ತದೆ, ಚುಟ್ಟಿಯಂಥ ಸಣ್ಣ ಕೆಲಸಕ್ಕೆ ಅದು ಜಾಸ್ತಿ. 1ರ ಹತ್ತಿರ ಇಳಿಸಿ. ಅಮೌಂಟ್ 0.5 ಇದ್ದದ್ದನ್ನು 1ರ ತನಕ, ಬೇಕಾದರೆ ಸ್ವಲ್ಪ ಮೇಲೂ ತನ್ನಿ. ಈ ಹಂತದಲ್ಲಿ ಒಂದು ಚೂರು ಹೆಚ್ಚೇ ಇರಲಿ, ಆಮೇಲೆ ಮಾಸ್ಕ್‌ನಲ್ಲಿ ತಗ್ಗಿಸಬಹುದು. ಚುಟ್ಟಿಯ ಬುಡ ಎಲ್ಲಿ, ತುದಿ ಎಲ್ಲಿ ಎಂದು ಬೇರೆ ಬೇರೆ ಕಂಡರೆ ಸಾಕು. ಎರಡು ಮುಳ್ಳಿನ ನಡುವೆ ಇದ್ದ ಕೆಂಪು ಕರಗಿ ಕಪ್ಪಾಗತೊಡಗಿದರೆ ರೇಡಿಯಸ್ ಜಾಸ್ತಿಯಾಯಿತು ಎಂದೇ ಲೆಕ್ಕ.

ಆ ಮೇಲಿನ ಲೇಯರ್‌ನ ಮೋಡ್ ನಾರ್ಮಲ್‌ನಿಂದ ಲೂಮಿನನ್ಸ್‌ಗೆ ಬದಲಿಸಿ. ಬಣ್ಣದ ವೇಷಕ್ಕೆ ಇದು ತೀರಾ ಮುಖ್ಯ. ಅಕ್ಕಿಹಿಟ್ಟು, ಸುಣ್ಣದ ಬಿಳಿ ಚುಟ್ಟಿ ನೇರವಾಗಿ ಕೆಂಪು, ಕಪ್ಪು ಬಣ್ಣದ ಮೇಲೆ ಕೂತಿರುತ್ತದೆ. ನಾರ್ಮಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಪ್ರತ್ಯೇಕವಾಗಿ ಹರಿತವಾಗಿ, ಬಿಳಿಯ ಬುಡದಲ್ಲಿ ಒಂದು ಗುಲಾಬಿ ಅಥವಾ ನೀಲಿ ಎಳೆ ಕಾಣಿಸಿಕೊಳ್ಳುತ್ತದೆ. ಲೂಮಿನನ್ಸ್‌ನಲ್ಲಿ ಬೆಳಕು ಕತ್ತಲಿನ ವ್ಯತ್ಯಾಸ ಮಾತ್ರ ಮೇಲೆ ಬರುತ್ತದೆ, ಬಣ್ಣ ಕೆಳಗಿನ ಲೇಯರ್‌ನದ್ದೇ. ಫೋಟೋಶಾಪ್ ಇರುವವರಿಗೆ ಅದು ಲೂಮಿನಾಸಿಟಿ.

ಈಗ ಲೇಯರ್ ಮೆನುವಿನ ಮಾಸ್ಕ್, ಆಡ್ ಲೇಯರ್ ಮಾಸ್ಕ್, ಬ್ಲ್ಯಾಕ್. ನೀವು ಮಾಡಿದ ಶಾರ್ಪ್ ಎಲ್ಲ ಮಾಯವಾಗುತ್ತದೆ, ಹೆದರಬೇಡಿ. ಮೆತ್ತನೆ ಅಂಚಿನ ಬ್ರಶ್ ತೆಗೆದುಕೊಂಡು, ಒಪಾಸಿಟಿ 30 ಇಟ್ಟು, ಬಿಳಿ ಬಣ್ಣದಲ್ಲಿ ಮಾಸ್ಕ್ ಮೇಲೆ ಎಳೆಯುತ್ತ ಹೋಗಿ. ಎಳೆದಲ್ಲಿ ಶಾರ್ಪ್ ವಾಪಸ್ ಬರುತ್ತದೆ. ಇನ್ನೂ ಬೇಕೆಂದರೆ ಮತ್ತೊಮ್ಮೆ ಎಳೆಯಿರಿ, ಹೆಚ್ಚಾಯಿತು ಎಂದರೆ ಎಕ್ಸ್ ಒತ್ತಿ ಕಪ್ಪಿಗೆ ಬಂದು ಒರೆಸಿ. ಲಾಸೋದ ಕತ್ತರಿಸಿದ ಗೆರೆ ಇಲ್ಲಿ ಬರುವುದೇ ಇಲ್ಲ, ಬ್ರಶ್‌ನ ಅಂಚೇ ಮೆತ್ತಗೆ ಇರುವುದರಿಂದ.

ಎಲ್ಲಿ ಎಳೆಯಬೇಕು ಎನ್ನುವುದೇ ಇಡೀ ಕೆಲಸ. ನಾನಾದರೆ ಮೊದಲು ಕಣ್ಣಿಗೆ ಹೋಗುತ್ತೇನೆ: ರೆಪ್ಪೆಯ ಅಂಚು, ಪಾಪೆಯ ಮೇಲೆ ಬಿದ್ದ ದೀವಟಿಗೆಯ ಮಿಂಚು. ಕಣ್ಣಿನ ಬಿಳಿಗೆ ಬ್ರಶ್ ತಾಗಿಸುವುದಿಲ್ಲ, ಅಲ್ಲಿನ ನರ ಎದ್ದು ಬಂದರೆ ನೋಟ ಕೆಡುತ್ತದೆ. ಆಮೇಲೆ ಚುಟ್ಟಿ, ಕೆನ್ನೆಯ ಸುತ್ತ ಅದು ಹೋದ ದಾರಿಯಲ್ಲೇ, ಸಣ್ಣ ಬ್ರಶ್‌ನಲ್ಲಿ. ಚುಟ್ಟಿಯ ಸಾಲುಗಳ ನಡುವೆ ಬಳಿದ ಬಣ್ಣ ಚಪ್ಪಟೆಯಾಗಿರುತ್ತದೆ. ಅಲ್ಲಿ ಶಾರ್ಪ್ ಕೊಟ್ಟರೆ ಬೆವರು, ಬಿರುಕು ಬಿಟ್ಟ ಬಣ್ಣ ಬಿಟ್ಟು ಬೇರೇನೂ ಸಿಗುವುದಿಲ್ಲ. ಎದೆಕಟ್ಟು, ಭುಜಕೀರ್ತಿಯ ಬೇಗಡೆ ಮತ್ತು ಕನ್ನಡಿ ಚೂರುಗಳಿಗೆ ಒಂದೇ ಒಂದು ಸಲ, ತೆಳುವಾಗಿ. ಅವು ತಾವಾಗಿಯೇ ಹೊಳೆಯುತ್ತವೆ, ಇನ್ನಷ್ಟು ಎತ್ತಿದರೆ ಕಣ್ಣು ಮುಖ ಬಿಟ್ಟು ಎದೆಗೆ ಇಳಿಯುತ್ತದೆ. ಹೊಗೆಗೆ ಮತ್ತು ಚೆಂಡೆಯವರಿಗೆ ಸೊನ್ನೆ. ಹೊಗೆ ಮೆತ್ತಗೆ ಇದ್ದಷ್ಟೂ ಮುಖ ಮುಂದೆ ಬರುತ್ತದೆ.

ಮಾಡಿದ ಮೇಲೆ ಲೇಯರ್ ಮೆನುವಿನಲ್ಲಿ ಶೋ ಲೇಯರ್ ಮಾಸ್ಕ್ ಒತ್ತಿ ಮಾಸ್ಕ್ ಒಂದನ್ನೇ ನೋಡಿ. ಕಪ್ಪಿನ ನಡುವೆ ಬೂದು ಬಿಳುಪಿನಲ್ಲಿ ಒಂದು ಮುಖದ ಆಕಾರ ಕಾಣಬೇಕು. ಎಲ್ಲೋ ದೂರದ ಮೂಲೆಯಲ್ಲಿ ಬಿಳಿ ಚುಕ್ಕೆ ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ ಕೋಡಿನ ಬಿಳಿ ಗೆರೆ. ಕೋಡು ಬೆಳಕಿನಲ್ಲಿದೆ, ಹಿಂದೆ ಕತ್ತಲು. ಅಲ್ಲಿನ ಅಂಚಿನಲ್ಲಿ ಬೆಳಕಿನ ಬದಿ ಅಗತ್ಯಕ್ಕಿಂತ ಬೆಳ್ಳಗಾದಾಗ ಅದು ಗೆರೆಯಾಗಿ ಕಾಣುತ್ತದೆ. ಕತ್ತಲಿನ ಬದಿ ಎಷ್ಟು ಕಪ್ಪಾದರೂ ಕತ್ತಲಲ್ಲಿ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಕೋಡಿಗೆ ಬೇರೆಯೇ ಒಂದು ಲೇಯರ್ ಮಾಡಿ. ಮೂಲವನ್ನು ಇನ್ನೊಮ್ಮೆ ಡೂಪ್ಲಿಕೇಟ್ ಮಾಡಿ, ಅದೇ ರೀತಿ ಶಾರ್ಪನ್ ಕೊಟ್ಟು, ಮೋಡ್ ಮಾತ್ರ ಡಾರ್ಕನ್ ಓನ್ಲಿ ಇಡಿ. ಆಗ ಶಾರ್ಪನ್ ಯಾವುದನ್ನು ಕಪ್ಪಾಗಿಸಿತೋ ಅದಷ್ಟೇ ಉಳಿಯುತ್ತದೆ, ಬೆಳ್ಳಗಾಗಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹೊರಅಂಚಿನ ಗೆರೆ ಹೋಗುತ್ತದೆ, ಕೋಡಿನ ಮೈಮೇಲಿನ ಸುತ್ತುಗೆರೆಗಳು ಆಳವಾಗಿ ಕಾಣುತ್ತವೆ. ಇದಕ್ಕೂ ಕಪ್ಪು ಮಾಸ್ಕ್ ಹಾಕಿ ಕೋಡಿನ ಮೇಲೆ ಮಾತ್ರ ಬ್ರಶ್ ಆಡಿಸಿ. ನನ್ನ ಅಂದಾಜಿನಲ್ಲಿ ನಿಮ್ಮ ಫೋಟೋ ಚಂದ ಆಗುವುದು ಈ ಒಂದು ಲೇಯರ್‌ನಿಂದಲೇ.

ಕಾಜಾಣ ಅವರು ಹೇಳಿದ ಮಾಸ್ಕಿಂಗ್ ಸ್ಲೈಡರ್ ಹಕ್ಕಿಗೆ ಸರಿ, ಅಲ್ಲಿ ಹಿನ್ನೆಲೆ ಸಮತಟ್ಟಾಗಿ ಇರುತ್ತದೆ. ಆಟದ ರಂಗಸ್ಥಳದಲ್ಲಿ ಹಿಂದಿನ ಕಂಬ, ಟ್ಯೂಬ್‌ಲೈಟ್, ಕಟ್ಟಿದ ಪರದೆಯ ನೆರಿಗೆ ಎಲ್ಲವೂ ಅಂಚುಗಳೇ. ಸ್ಲೈಡರ್ ಅವನ್ನೂ ಬೆಳ್ಳಗೆ ತೋರಿಸುತ್ತದೆ. ಅದಕ್ಕೇ ನಾನು ಇಲ್ಲಿ ಬ್ರಶ್ ಪಕ್ಷದವನು. ಲೈಟ್‌ರೂಮ್‌ನವರಿಗೂ ಬ್ರಶ್ ಮಾಸ್ಕ್ ಇದೆ, ಅದರೊಳಗೇ ಶಾರ್ಪ್‌ನೆಸ್ ಸ್ಲೈಡರ್ ಇದೆ.

ಕರಾವಳಿ ಬೆಳಕು, ಪುತ್ತೂರು:

ತುಂಬಾ ಉಪಕಾರ ಆಯಿತು. ರಾತ್ರಿ ಕೂತು ಮಾಡಿದೆ. ಕೋಡಿನ ಗೆರೆ ಹೋಯಿತು, ಹೊಗೆ ಹೊಗೆಯಾಗಿಯೇ ಉಳಿಯಿತು. ಮನೆಯವರು ಮೊದಲಿನದ್ದನ್ನೂ ಈಗಿನದ್ದನ್ನೂ ಪಕ್ಕಪಕ್ಕ ನೋಡಿ, ಈಗ ಮಹಿಷ ನನ್ನನ್ನೇ ನೋಡುತ್ತಿದ್ದಾನೆ ಎಂದರು.

ಇನ್ನೆರಡು ಸಂಶಯ. ಮುಖ ಎಡಕ್ಕೆ ತಿರುಗಿರುವುದರಿಂದ ಹತ್ತಿರದ ಕಣ್ಣು ಚೆನ್ನಾಗಿದೆ, ಆಚೆಯ ಕಣ್ಣು ಸ್ವಲ್ಪ ಮಸುಕು. ಎತ್ತಿದ ಬಲಗೈ ಬೆರಳುಗಳು ಎರಡೆರಡಾಗಿ ಕಾಣುತ್ತವೆ. ಇವಕ್ಕೆ ಶಾರ್ಪ್ ಜಾಸ್ತಿ ಕೊಟ್ಟರೆ ಸರಿಹೋಗುತ್ತದಾ? ಗೆಳೆಯರೊಬ್ಬರು ಎಐ ಶಾರ್ಪನ್ ಸಾಫ್ಟ್‌ವೇರ್‌ಗೆ ಹಾಕಿಬಿಡು, ಎಲ್ಲ ತಾನೇ ಸರಿಮಾಡುತ್ತದೆ ಎನ್ನುತ್ತಿದ್ದಾರೆ.

ಪ್ರಿಂಟ್ ಮನೆ, ಉಡುಪಿ:

ಎರಡೂ ಮಸುಕೇ ಆದರೂ ಜಾತಿ ಬೇರೆ. ಆಚೆಯ ಕಣ್ಣಿನದ್ದು ಫೋಕಸ್ ಮಸುಕು. ಎಫ್ 2ರಲ್ಲಿ ಫೋಕಸ್ ಸಿಗುವ ಆಳ ಕಡಿಮೆ, ಹಾಗಾಗಿ ಅದು ಸಹಜ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುತ್ತದೆ. ಅದಕ್ಕೆ ಇನ್ನೊಂದು ಲೇಯರ್ ಮಾಡಿ, ಈ ಸಲ ರೇಡಿಯಸ್ 2ರಿಂದ 3, ಅಮೌಂಟ್ ಕಡಿಮೆ, 0.4ರ ಆಸುಪಾಸು. ಮಾಸ್ಕ್‌ನಲ್ಲಿ ರೆಪ್ಪೆಯ ಗೆರೆಗೆ ಮಾತ್ರ. ಹತ್ತಿರದ ಕಣ್ಣಿನಷ್ಟು ಆಗಬಾರದು, ಆಗುವುದೂ ಇಲ್ಲ. ಆಚೆಯದ್ದು ಒಂದು ಹೆಜ್ಜೆ ಹಿಂದೆ ಇದ್ದರೇ ಮುಖಕ್ಕೆ ಆಳ.

ಬೆರಳಿನದ್ದು ಚಲನೆಯ ಮಸುಕು. 1/250 ಸೆಕೆಂಡಿನಲ್ಲಿ ಕೈ ಇಲ್ಲಿಂದ ಅಲ್ಲಿಗೆ ಹೋಗಿದೆ, ಕ್ಯಾಮೆರಾ ಆ ದಾರಿಯನ್ನೇ ಬರೆದಿಟ್ಟಿದೆ. ಶಾರ್ಪನ್ ಕೊಟ್ಟರೆ ಎರಡು ಅಂಚಿಗೂ ಕೊಡುತ್ತದೆ, ಬೆರಳು ಇನ್ನೂ ಸ್ಪಷ್ಟವಾಗಿ ಎರಡೆರಡಾಗುತ್ತದೆ. ಮುಟ್ಟಬೇಡಿ. ಮುಖ ನಿಂತಿದೆ, ಕೈ ಬೀಸುತ್ತಿದೆ. ಬಣ್ಣದ ವೇಷದ ಆರ್ಭಟ ಇರುವುದೇ ಅಲ್ಲಿ. ಮುಂದೆ ಎಂದಾದರೂ ವೇಷ ದಿಗಣ (ಸುತ್ತು ತಿರುಗುತ್ತ ಹಾರುವ ಕುಣಿತ) ಹಾರುವಾಗ ತೆಗೆಯುವುದಾದರೆ ಶಟರ್ 1/500 ಇಡಿ, ಐಎಸ್ಒ ಏರಿದರೆ ಏರಲಿ.

ಎಐ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಅನ್‌ಶಾರ್ಪ್ ಮಾಸ್ಕ್ ನಿಮ್ಮ ಫೈಲಿನಲ್ಲಿ ಇದ್ದದ್ದನ್ನೇ ಎತ್ತುತ್ತದೆ. ಆ ಸಾಫ್ಟ್‌ವೇರ್‌ಗಳು ತಾವು ಕಲಿತ ಸಾವಿರಾರು ಚಿತ್ರಗಳ ಅಂದಾಜಿನ ಮೇಲೆ ಇಲ್ಲದ್ದನ್ನು ತುಂಬುತ್ತವೆ. ಮದುವೆ ಮನೆಯ ಹೂವಿನ ಅಲಂಕಾರಕ್ಕಾದರೆ ನಡೆಯಲಿ. ಚುಟ್ಟಿಗೆ ಬೇಡ. ಆ ಹಿರಿಯರು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಕನ್ನಡಿ ಹಿಡಿದು ಗಂಟೆಗಟ್ಟಲೆ ಕೂತು ಒಂದೊಂದೇ ಮುಳ್ಳನ್ನು ಎಬ್ಬಿಸಿದ್ದಾರೆ. ಎಲ್ಲಿ ಸಾಲು ತಿರುಗಿತು, ಎಲ್ಲಿ ಒಂದು ಮುಳ್ಳು ಸಣ್ಣದಾಯಿತು ಎಂದು ಅವರಿಗೆ ಗೊತ್ತು. ಯಂತ್ರ ನಾಲ್ಕು ಮುಳ್ಳನ್ನು ತನ್ನಷ್ಟಕ್ಕೆ ಸೇರಿಸಿದರೆ ಬೇರೆ ಯಾರಿಗೂ ತಿಳಿಯಲಿಕ್ಕಿಲ್ಲ, ಅವರಿಗೆ ತಿಳಿಯುತ್ತದೆ. ಅವರ ಕೈಗೇ ಹೋಗುವ ಚಿತ್ರ ಇದು.

ಹಾಸನದಿಂದ, ಮೊಬೈಲ್‌ನಲ್ಲೇ ಎಲ್ಲ:

ಕಂಪ್ಯೂಟರ್ ಇಲ್ಲದವರಿಗೆ ಒಂದು ಮಾತು. ನಾನು ಹಳೇಬೀಡಿನ ಶಿಲ್ಪಗಳ ಫೋಟೋ ಸ್ನ್ಯಾಪ್‌ಸೀಡ್‌ನಲ್ಲಿ ಹೀಗೇ ಮಾಡುವುದು. ಡೀಟೇಲ್ಸ್ ಟೂಲ್‌ನಲ್ಲಿ ಸ್ಟ್ರಕ್ಚರ್, ಶಾರ್ಪನಿಂಗ್ ಎರಡು ಇವೆ. ಬೇಕಾದಷ್ಟು ಕೊಟ್ಟು ಓಕೆ ಮಾಡಿ, ಆಮೇಲೆ ವ್ಯೂ ಎಡಿಟ್ಸ್‌ಗೆ ಹೋಗಿ ಆ ಎಡಿಟ್ ಮೇಲೆ ಒತ್ತಿದರೆ ಬ್ರಶ್ ಗುರುತು ಬರುತ್ತದೆ. ಅದರಲ್ಲಿ ಬೆರಳಿನಿಂದ ಎಳೆದ ಜಾಗಕ್ಕೆ ಮಾತ್ರ ಶಾರ್ಪ್ ಅನ್ವಯವಾಗುತ್ತದೆ. ಬಳಪದ ಕಲ್ಲಿನ ಸರ, ಬಳೆಯ ಕೆತ್ತನೆಗೆ ಕೊಟ್ಟು, ನಯವಾದ ಕೆನ್ನೆ, ಹೊಟ್ಟೆಯ ಭಾಗ ಬಿಡುತ್ತೇನೆ. ಪ್ರಿಂಟ್ ಮನೆಯವರೇ, ಇಂಥದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಬಹುದಾ?

ಪ್ರಿಂಟ್ ಮನೆ, ಉಡುಪಿ:

ಹಾಕಿಸಬಹುದು, ಮೂಲ ಫೈಲ್ ಇದ್ದರೆ. ವಾಟ್ಸ್ಆ್ಯಪ್‌ನಲ್ಲಿ ಸಾದಾ ಫೋಟೋ ಆಗಿ ಕಳಿಸಿದ್ದನ್ನು ವಾಪಸ್ ತೆಗೆದುಕೊಂಡು ಶಾರ್ಪ್ ಮಾಡಬೇಡಿ. ಅದು ಕುಗ್ಗಿಸಿದ ಜೆಪೆಗ್, ಶಾರ್ಪ್ ಕೊಟ್ಟ ಕೂಡಲೇ 8×8ರ ಚೌಕಚೌಕ ಮೇಲೆ ಬರುತ್ತದೆ. ಇನ್ನೊಂದು ವಿಷಯ, ಮೊಬೈಲ್ ಕ್ಯಾಮೆರಾ ಫೋಟೋ ಉಳಿಸುವಾಗಲೇ ಒಮ್ಮೆ ಚೆನ್ನಾಗಿ ಶಾರ್ಪ್ ಮಾಡಿರುತ್ತದೆ. ನಿಮ್ಮದು ಎರಡನೆಯ ಕೈ. ಸ್ಟ್ರಕ್ಚರ್ ಕಡಿಮೆ ಇಡಿ.

ಪುತ್ತೂರಿನವರೇ, ಪ್ರಿಂಟಿನ ಲೆಕ್ಕ ನಿಮಗೆ. 24 ಮೆಗಾಪಿಕ್ಸೆಲ್ ಎಂದರೆ 6000×4000. 18×12 ಇಂಚಿಗೆ ಹರಡಿದರೆ ಇಂಚಿಗೆ 333 ಪಿಕ್ಸೆಲ್, ಧಾರಾಳ ಸಾಕು. ಅರ್ಧಕ್ಕರ್ಧ ಕ್ರಾಪ್ ಮಾಡಿ 3000×2000 ಆಗಿದ್ದರೆ 166ಕ್ಕೆ ಇಳಿಯುತ್ತದೆ, ಆಗ 8×12ಕ್ಕೆ ತೃಪ್ತಿಪಡುವುದು ಒಳ್ಳೆಯದು. ಪರದೆಯಲ್ಲಿ ಸರಿಯಾಗಿ ಕಂಡ ಶಾರ್ಪ್ ಕಾಗದದಲ್ಲಿ ಒಂದು ಚೂರು ಕಡಿಮೆಯೇ ಕಾಣುತ್ತದೆ, ಮ್ಯಾಟ್ ಕಾಗದವಾದರೆ ಇನ್ನೂ ಕಡಿಮೆ. ಅದಕ್ಕೆ ಚುಟ್ಟಿ, ಕಣ್ಣಿನ ಮಾಸ್ಕ್‌ನಲ್ಲಿ ಇನ್ನೊಂದು ಸಲ ಬಿಳಿ ಬ್ರಶ್ ಆಡಿಸಿದ ಮೇಲೆ ಫೈಲ್ ಕೊಡಿ. ಲೇಯರ್ ಇರುವ ಜಿಂಪ್‌ನ ಎಕ್ಸ್‌ಸಿಎಫ್ ಫೈಲ್ ಇಟ್ಟುಕೊಳ್ಳಿ, ಲ್ಯಾಬಿಗೆ ಜೆಪೆಗ್ ಪ್ರತಿ ಕೊಟ್ಟರೆ ಸಾಕು.

ಲ್ಯಾಬಿನಲ್ಲಿ ಎರಡು ಮಾತು ಹೇಳಲೇಬೇಕು. ಒಂದು, ಆಟೋ ಕರೆಕ್ಷನ್ ಬೇಡ. ಹೆಚ್ಚಿನ ಮೆಶಿನ್‌ಗಳಲ್ಲಿ ಅದು ಆನ್ ಇದ್ದರೆ ಕತ್ತಲನ್ನು ಬೆಳಗಿಸಿ, ತನ್ನದೇ ಶಾರ್ಪ್ ಒಂದನ್ನು ಇಡೀ ಚಿತ್ರಕ್ಕೆ ಕೊಟ್ಟುಬಿಡುತ್ತದೆ, ನಿಮ್ಮ ಮಾಸ್ಕ್ ಕೆಲಸ ನೀರಿಗೆ ಹೋದಂತೆ. ಎರಡು, ದೊಡ್ಡದು ಹಾಕಿಸುವ ಮೊದಲು ಒಂದು ತುಂಡು ಹಾಕಿಸಿ ನೋಡಿ. ಪೂರ್ತಿ ಚಿತ್ರವನ್ನು ಸಣ್ಣದು ಮಾಡಿ ಹಾಕಿಸಿದರೆ ಏನೂ ಗೊತ್ತಾಗುವುದಿಲ್ಲ. ಮುಖದ ಭಾಗದಿಂದ 2000×1333 ಪಿಕ್ಸೆಲ್‌ನಷ್ಟು ಕತ್ತರಿಸಿ, ಅದನ್ನು 4×6ರಲ್ಲಿ ಹಾಕಿಸಿ. ಆಗ ದೊಡ್ಡ ಪ್ರಿಂಟಿನಲ್ಲಿ ಮುಖ ಎಷ್ಟು ದೊಡ್ಡದಾಗಿ, ಎಷ್ಟು ಹರಿತವಾಗಿ ಬರುತ್ತದೋ ಅದೇ ಕೈಯಲ್ಲಿರುತ್ತದೆ. ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ನಿಂತು, ಕೈಯಳತೆ ದೂರದಲ್ಲಿ ಹಿಡಿದು ನೋಡಿ. ಚುಟ್ಟಿ ಒರಟಾಗಿ ಕಂಡರೆ ಆ ಲೇಯರ್‌ನ ಒಪಾಸಿಟಿ 100ರಿಂದ 80ಕ್ಕೆ ಇಳಿಸಿ ಇನ್ನೊಂದು ತುಂಡು ಹಾಕಿಸಿ. ಗಾಜು ಹಾಕಿಸುವ ಫ್ರೇಮ್ ಆದರೆ ಮ್ಯಾಟ್ ಕಾಗದವೇ ಇರಲಿ. ಗ್ಲಾಸಿ ಕಾಗದ ಗಾಜಿಗೆ ಅಂಟಿಕೊಂಡರೆ ನಮ್ಮ ಕರಾವಳಿ ಮಳೆಗಾಲದಲ್ಲಿ ಬಿಡಿಸಲು ಬರುವುದಿಲ್ಲ. ಪ್ರಿಂಟಿಗೂ ಗಾಜಿಗೂ ನಡುವೆ ಸ್ವಲ್ಪ ಜಾಗ ಉಳಿಯುವಂತೆ ಸುತ್ತ ರಟ್ಟಿನ ಮೌಂಟ್ ಹಾಕಲು ಫ್ರೇಮಿನವರಿಗೆ ಹೇಳಿ.